ಬಸ್ಸು ನಿಂತಾಗ ಅವನೂ ನಿಂತಿದ್ದ

ಬೆಳಗಿನ ಐದೂವರೆ. ಬೆಳ್ಳಟ್ಟಿಯಿಂದ ಶಿರಹಟ್ಟಿ ಕಡೆಗೆ ಹೋಗುವ ಡಾಂಬರು ರಸ್ತೆಯ ಮೇಲೆ ಒಬ್ಬ ಹೆಂಗಸು ಬಾಗಿ ಕಲ್ಲು ಎತ್ತುತ್ತಿದ್ದಾರೆ. ತಲೆಗೆ ಬಿಗಿದು ಕಟ್ಟಿದ ಸೆರಗು, ಸೊಂಟಕ್ಕೆ ಸಿಕ್ಕಿಸಿದ ಕಸಬರಿಗೆ, ಬಗಲಲ್ಲಿ ಹಳೆಯ ಬ್ಯಾಟರಿ. ತಲೆಗಾತ್ರದ ಕಲ್ಲೊಂದನ್ನು ಎದೆಗೆ ಅವುಚಿಕೊಂಡು ರಸ್ತೆ ದಾಟಿ, ಬೇಲಿಯ ಬುಡಕ್ಕೆ ಇಳಿಸಿ, ಸೊಂಟ ಹಿಡಿದು ನೆಟ್ಟಗಾಗುತ್ತಾರೆ. ಮತ್ತೆ ಮುಂದಿನ ಕಲ್ಲು. ನೋಟ್‌ಬುಕ್ ಹಿಡಿದು ಹಿಂದೆ ಹಿಂದೆ ನಡೆಯುತ್ತಿರುವ ನಾನು ಸಹಾಯ ಮಾಡಲೇ ಎಂದು ಕೇಳುತ್ತೇನೆ. "ಬ್ಯಾಡ್ರಿ, ನಿಮ್ಮ ಅಂಗಿ ಹೊಲಸಾಗತೈತಿ" ಎನ್ನುತ್ತಾರೆ. ಆದರೂ ಒಂದನ್ನು ಎತ್ತಿ ನೋಡಿದೆ. ಮರುದಿನ ಗದಗಿನ ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳಲಾಗಲಿಲ್ಲ.

ಇವರು ಸಾಬೀರಾ. ವಯಸ್ಸು ಐವತ್ತೆರಡೋ ಐವತ್ತಮೂರೋ, ಅವರಿಗೇ ಖಾತ್ರಿಯಿಲ್ಲ. ಗಂಡ ಖಾಸಿಂಸಾಬರು ಗದಗಿನಲ್ಲಿ ಹಮಾಲಿ, ಶುಕ್ರವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಸಾಬೀರಾ ಅವರ ಕಸುಬು ಕಾಳು ಒಕ್ಕುವುದು, ತೂರುವುದು, ಹಸನು ಮಾಡುವುದು. ಮೊರ ಹಿಡಿದು ಕೂತರೆ ದಿನಕ್ಕೆ ಎರಡು ಚೀಲ ಹುರುಳಿಯಲ್ಲಿ ಒಂದು ಹರಳು ಉಳಿಯದಂತೆ ತೆಗೆಯುತ್ತಾರೆ ಎಂದು ಊರೇ ಹೇಳುತ್ತದೆ.

ಕಲ್ಲಿನ ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಹುರುಳಿ ಸುಗ್ಗಿ ಬಂತೆಂದರೆ ಇಲ್ಲಿ ರಸ್ತೆಯೇ ಕಣ. ಕಿತ್ತು ತಂದ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸಿದರೆ ಬಸ್ಸು, ಲಾರಿ, ಟ್ರ್ಯಾಕ್ಟರು ಹಾಯ್ದು ಹಾಯ್ದು ಪುಕ್ಕಟೆ ಒಕ್ಕಿ ಕೊಡುತ್ತವೆ. ಉದುರಿದ ಕಾಳನ್ನು ಒಂದು ಮಗ್ಗುಲಿಗೆ ಬಳಿದು, ಅದರ ಮೇಲೆ ಗಾಡಿ ಹತ್ತದ ಹಾಗೆ ಸುತ್ತ ಕಲ್ಲು ಇಡುತ್ತಾರೆ. ಚೀಲ ತುಂಬಿಕೊಂಡು ಹೋಗುವ ಗಡಿಬಿಡಿಯಲ್ಲಿ ಕಲ್ಲೂ ಒಣಬಳ್ಳಿಯೂ ಅಲ್ಲೇ ಉಳಿಯುತ್ತವೆ. ಬೈಕಿನವರು ಜಾರಿ ಬೀಳುತ್ತಾರೆ, ಕೈಕಾಲು ಮುರಿದುಕೊಳ್ಳುತ್ತಾರೆ. ಇದು ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮುಂದಿನ ವರ್ಷ ಮತ್ತೆ ಹಾಸುತ್ತಾರೆ. ನನ್ನ ಸೋದರಮಾವನೂ ಹಾಸುತ್ತಾನೆ. ಹಾಗಾಗಿ ಜೋರು ದನಿಯಲ್ಲಿ ಬೈಯುವ ಮುಖ ನನಗಿಲ್ಲ.

ಸುಗ್ಗಿಯ ಎರಡು ತಿಂಗಳು ಸಾಬೀರಾ ದಿನಾ ಮೂರು ಕಿಲೋಮೀಟರ್ ನಡೆಯುತ್ತಾರೆ, ಹುಣಸೆಮರದ ತಿರುವಿನಿಂದ ಊರ ಅಗಸಿ ಬಾಗಿಲಿನವರೆಗೆ. ಬಿಟ್ಟುಹೋದ ಕಲ್ಲು ಎತ್ತುತ್ತಾರೆ, ಒಣಬಳ್ಳಿ ಗುಡಿಸುತ್ತಾರೆ. ಹಾಸು ಇನ್ನೂ ಇರುವ ಕಡೆ ಎರಡೂ ತುದಿಗೆ ಕೋಲು ನೆಟ್ಟು ಕೆಂಪು ಅರಿವೆಯ ಪಟ್ಟಿ ಕಟ್ಟುತ್ತಾರೆ, ಗಾಡಿಯವರು ದೂರದಿಂದಲೇ ನಿಧಾನ ಮಾಡಲಿ ಎಂದು. ನಾನು ಹೋದ ದಿನದ ಕಲ್ಲು ನಲವತ್ತಾರು. ಏಳೂವರೆಗೆ ಮನೆಗೆ ಹೋಗಿ ರೊಟ್ಟಿ ತಿಂದು ಎಂಟಕ್ಕೆ ಕೂಲಿಗೆ ಹೊರಡುತ್ತಾರೆ. ರಸ್ತೆಯ ಕೆಲಸ ಮಾಡೆಂದು ಯಾರೂ ಹೇಳಿಲ್ಲ, ಯಾರೂ ಅದಕ್ಕೆ ಕೂಲಿ ಕೊಡುವುದೂ ಇಲ್ಲ. ಆರು ಸುಗ್ಗಿಯಲ್ಲಿ ತಪ್ಪಿದ್ದು ಒಂಬತ್ತೇ ದಿನ, ಅದೂ ಕೀಲು ಹಿಡಿಯುವ ಜ್ವರ ಬಂದು ಮಲಗಿದ್ದಾಗ.

ಊರಿನ ಮಾಸ್ತರರಾದ ಯಮನೂರಪ್ಪ ಫೋನಿನಲ್ಲಿ ಇಷ್ಟು ಹೇಳಿದಾಗಲೇ ನನ್ನ ತಲೆಯಲ್ಲಿ ಲೇಖನ ಅರ್ಧ ತಯಾರಾಗಿತ್ತು. ಎಲೆಮರೆಯ ಕಾಯಿ, ನಿಸ್ವಾರ್ಥ ಸೇವೆ, ಒಂದು ಒಳ್ಳೆಯ ಫೋಟೊ. ಈ ಪುಟಕ್ಕೆ ಇಂಥವರ ಬಗ್ಗೆ ನೂರಕ್ಕೂ ಹೆಚ್ಚು ಬರೆದಿದ್ದೇನೆ, ಕೈ ಪಳಗಿದೆ. ಎಲ್ಲರನ್ನೂ ಕೊನೆಗೆ ಕೇಳುವ ಪ್ರಶ್ನೆಯನ್ನೇ ಹುಣಸೆಮರದ ಕೆಳಗೆ ಇವರನ್ನೂ ಕೇಳಿದೆ. ಇದನ್ನೆಲ್ಲ ಯಾಕೆ ಮಾಡುತ್ತೀರಿ?

ಅವರು ಮರದ ಕಾಂಡದ ಮೇಲಿದ್ದ ಒಂದು ಹಳೆಯ ಗಾಯ ತೋರಿಸಿದರು. ತೊಗಟೆ ಅಲ್ಲಿ ಮತ್ತೆ ಬೆಳೆದಿಲ್ಲ.

"ಕಿರಣ ಇಲ್ಲೇ ಹೋದದ್ದು. ನನ್ನನ್ನ ಪೇಪರಿನ್ಯಾಗ ಹಾಕೂದಾದ್ರ ಅದನ್ನ ಪೂರ್ತಿ ಹಾಕ್ರಿ. ಇಲ್ಲಾಂದ್ರ ನನ್ನ ಹೆಸರೂ ಬ್ಯಾಡ, ಫೋಟೊನೂ ಬ್ಯಾಡ" ಎಂದರು.

ಕಿರಣಕುಮಾರ ಕಬಡ್ಡಿ ಆಟಗಾರ. ಅವರದು ಬೆಟಗೇರಿಯ ನೇಕಾರ ಮನೆತನ. ಮಗ್ಗ ನಿಂತ ಮೇಲೆ ತಂದೆ ಪಾಂಡಪ್ಪ ಹೆಂಡತಿ ಅನ್ನವ್ವನ ತವರೂರಾದ ಬೆಳ್ಳಟ್ಟಿಗೆ ಬಂದರು. ಲಕ್ಷ್ಮೇಶ್ವರ, ಮುಂಡರಗಿ ಸಂತೆಗಳಲ್ಲಿ ಸೀರೆ ಮಾರಿ ಒಬ್ಬನೇ ಮಗನನ್ನು ಬೆಳೆಸಿದರು. ಸಾಬೀರಾ ಅವರದು ಗೋಡೆಗೆ ಗೋಡೆ ಹತ್ತಿದ ಮನೆ. ಹುಡುಗ ಅವರನ್ನು ಚಿಗವ್ವ ಎನ್ನುತ್ತಿದ್ದ, ಹಸಿವಾದರೆ ಯಾವ ಮನೆ ಹತ್ತಿರವೋ ಆ ಮನೆಗೆ ನುಗ್ಗುತ್ತಿದ್ದ. ಊರ ಬಯಲಲ್ಲಿ ಆಡುತ್ತ ಆಡುತ್ತ ಅವನು ಟೀವಿಯಲ್ಲಿ ಬರುವ ದೊಡ್ಡ ಲೀಗಿಗೆ ಹೋದ. ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವನ ಕಾಲಿನ ಚುರುಕು ನೋಡಬೇಕಿತ್ತು. ಎರಡನೆಯ ವರ್ಷಕ್ಕೆ ಕೆಂಪು ಕಾರು ಬಂತು.

ಕಾರು ಬಂದ ಮೇಲೆ ಆ ಚುರುಕು ರಸ್ತೆಗೂ ಇಳಿಯಿತು. ಗದಗಿನಿಂದ ಬಸ್ಸಿಗೆ ಒಂದೂವರೆ ತಾಸು ಹಿಡಿಯುವ ದಾರಿಯನ್ನು ಅರ್ಧ ತಾಸಿನಲ್ಲಿ ಮುಗಿಸಿದೆ ಎಂದು ಹೇಳಿಕೊಳ್ಳುತ್ತಿದ್ದ. ಲಕ್ಷ್ಮೇಶ್ವರದ ಹತ್ತಿರ ಒಂದು ಮೇಕೆ ಸತ್ತಿತು. ಮುಂಡರಗಿ ರಸ್ತೆಯಲ್ಲಿ ಕಾರು ಹೊಲಕ್ಕೆ ನುಗ್ಗಿತು. ತಡೆದ ಪೊಲೀಸರು ದಂಡ ಹಾಕುವ ಬದಲು ಜೊತೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಿಟ್ಟರು. ಕೊನೆಗೆ ಸಿಂಗಟಾಲೂರಿಗೆ ಹೊಳೆ ನೋಡಲು ಹೋಗಿ ಬರುವಾಗ ಕಾರನ್ನು ಕಾಲುವೆಗೆ ಇಳಿಸಿದ. ಜೊತೆಗಿದ್ದ ಗೆಳೆಯನ ತೋಳು ಮುರಿಯಿತು.

ಆ ದಿನ ಅನ್ನವ್ವ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡಳು. ಅವಳಿಗೆ ಕಿಲೋಮೀಟರಿನ ಲೆಕ್ಕ ತಿಳಿಯದು. ತನಗೆ ತಿಳಿದ ಹಾಗೆ ಆಣೆ ಹಾಕಿಸಿದಳು: ಇನ್ನು ಮೇಲೆ ಬಸ್ಸನ್ನು ಹಿಂದೆ ಹಾಕಬಾರದು. ಮಗ ಹೂಂ ಎಂದ. ಐದು ತಿಂಗಳಿಗೆ ಹುಣಸೆಮರಕ್ಕೆ ಗುದ್ದಿ, ಗದಗಿನ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಬಿಟ್ಟ. ಅವನಿಗಾಗ ಇಪ್ಪತ್ತನಾಲ್ಕು ವರ್ಷ.

ಆ ಸುದ್ದಿ ಬರೆದವನು ನಾನು. ಆಣೆಯ ಸಂಗತಿ ಊರಿನವರ ಬಾಯಿಂದ ಕೇಳಿ ತಲೆಬರಹ ಕೊಟ್ಟೆ: 'ತಾಯಿಯ ಆಣೆ ಮುರಿದ ವೇಗ'. ಆಫೀಸಿನಲ್ಲಿ ಬೆನ್ನು ತಟ್ಟಿದರು. ನಾನೂ ಆ ತಲೆಬರಹವನ್ನು ಬಹಳ ದಿನ ಒಳಗೊಳಗೇ ಮೆಚ್ಚಿಕೊಂಡಿದ್ದೆ. ಅಪಘಾತದ ಜಾಗವನ್ನು ಮಾತ್ರ ನೋಡಲು ಹೋಗಿರಲಿಲ್ಲ.

ಅಂದು ಅಲ್ಲಿದ್ದವರು ಸಾಬೀರಾ ಒಬ್ಬರೇ. ಹಾಸು ಚನ್ನಬಸವಣ್ಣ ಎಂಬ ರೈತರದು, ಅವರು ಊಟಕ್ಕೆ ಹೋಗಿದ್ದರು. ಎರಡು ದಿನದಿಂದ ಒಂದು ಎಲೆಯೂ ಅಲುಗದಷ್ಟು ಗಾಳಿ ಸತ್ತಿತ್ತು. ಗಾಳಿಯಿಲ್ಲದೆ ತೂರಲಾಗದು. ಕಾಳು ಹೊಟ್ಟು ಒಂದಾಗಿ ರಸ್ತೆಯ ಮಗ್ಗುಲಲ್ಲಿ ಬಿದ್ದಿತ್ತು, ಮೇಲೆ ಮೋಡ ಬೇರೆ ಕಟ್ಟಿತ್ತು. ಆ ಸುಗ್ಗಿಗಿಂತ ಮೊದಲೆಲ್ಲ ಕಿರಣನ ಕಾರು ಭರ್ರನೆ ಹಾಯ್ದರೆ ಅದರ ಗಾಳಿಗೆ ಹೊಟ್ಟು ತಾನೇ ಹಾರಿಹೋಗುತ್ತಿತ್ತಂತೆ. ಕೂಲಿ ಹೆಂಗಸರು ಅವನ ಕಾರು ಕಂಡರೆ ಸಾಕು, ಕೈ ಬೀಸಿ ಕೂಗುತ್ತಿದ್ದರಂತೆ.

ಮುಂದಿನದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಮುಂದ ಬಸ್ಸ ಬಂತ್ರಿ. ಅದರ ಹಿಂದ ಇವನ ಗಾಡಿ, ಸಾವಕಾಶ. ಈ ತಿರುವಿನ್ಯಾಗ ಯಾರನ್ನೋ ಇಳಸಾಕ ಬಸ್ಸ ನಿಂತು, ಇವನೂ ಹಿಂದ ನಿಂತ. ರಸ್ತಾ ಖಾಲಿ ಇತ್ತು, ಮುಂದ ಹೋಗಬಹುದಿತ್ತು, ಹೋಗಲಿಲ್ಲ. ಹಾರ್ನ ಸುದ್ದಾ ಹೊಡಿಲಿಲ್ಲ. ಬಸ್ಸ ಹೋದ ಮ್ಯಾಲೆ ನಾನ ಗಾಡಿಗೆ ಅಡ್ಡ ಹೋದೆ. ಕಿರಣಾ, ಗಾಳಿ ಇಲ್ಲೋ, ಎರಡ ಸಲ ಜೋರ ಹಾಯಿಸಿ ಹೋಗೋ, ಮಳಿ ಬಂದ್ರ ಎಲ್ಲಾ ಹಾಳಾಗತೈತಿ ಅಂದೆ. ನಕ್ಕ. ಅವ್ವಗ ಆಣಿ ಮಾಡೇನಿ ಚಿಗವ್ವ, ಬ್ಯಾಡ ಅಂದ. ಬಸ್ಸ ಹೋತಲ್ಲೋ, ಯಾವ ಬಸ್ಸ ಹಿಂದ ಹಾಕತಿ, ನಿಮ್ಮವ್ವಗ ನಾ ಹೇಳೂದಿಲ್ಲ ಅಂದೆ."

ಇಲ್ಲಿ ಅವರು ಕಸಬರಿಗೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿಕೊಂಡರು. ಎರಡು ಸಲ ಕುಟ್ಟಿದರು.

"ಗಾಡಿ ಹಿಂದಕ್ಕ ಹೊಳ್ಳಿಸ್ಕೊಂಡು ಹೋಗಿ ಜೋರ ಬಂದ. ಹೊಟ್ಟ ಹಾರತು. ಮತ್ತೊಮ್ಮೆ ಬಂದ. ಛಲೋ ಹಾರತು, ನಾ ಕುಣಿದಾಡಿದೆ. ಸಾಕು ಅನ್ನಬೇಕಿತ್ತಿಲ್ಲೋ? ಇನ್ನೊಂದ ಸಲ ಅಂತ ಕೈ ಬೀಸಿದೆ. ಮೂರನೇ ಸಲ ಒಣಬಳ್ಳಿ ಮ್ಯಾಲೆ ಗಾಲಿ ಜಾರಿ ಕಲ್ಲಿಗೆ ಬಡೀತು. ಆ ಕಲ್ಲ ಇಟ್ಟಾಕಿನೂ ನಾನ."

ಪೊಲೀಸರು ಬಂದು, ಜೋರಾಗಿ ಬಂದನಾ ಎಂದು ಕೇಳಿದರು. ಜೋರಾಗಿ ಬಂದ ಎಂದು ಸಾಬೀರಾ ಹೇಳಿದರು. "ಖರೇನ ಹೇಳಿದೆ. ಅರ್ಧ ಹೇಳಿದೆ." ಗಂಡನಿಗೆ ಮಾತ್ರ ಪೂರ್ತಿ ಹೇಳಿದ್ದಾರೆ. ಆದದ್ದು ಆತು, ಬಾಯಿ ಬಿಡಬೇಡ ಎಂದು ಖಾಸಿಂಸಾಬರು ಅಂದರಂತೆ. ಹೆದರಿದ ಬಡವರು ಇನ್ನೇನು ಅಂದಾರು?

ಕಿರಣನ ವೇಗ ಸುಳ್ಳಲ್ಲ. ಅವನು ಸತ್ತ ಮೇಲೆ ದೇವರನ್ನಾಗಿ ಮಾಡಲು ನಾನು ಹೊರಟಿಲ್ಲ, ಮೇಕೆಯೂ ಗೆಳೆಯನ ತೋಳೂ ಲೆಕ್ಕಕ್ಕಿವೆ. ಆದರೆ ಸಾಬೀರಾ ಅವರನ್ನು ಸುಡುತ್ತಿರುವುದು ಬೇರೆ. ಅನ್ನವ್ವ ಮಗನ ಫೋಟೊ ಗೋಡೆಗೆ ಹಾಕಿಲ್ಲ. ಅದು ಟ್ರಂಕಿನ ತಳದಲ್ಲಿದೆ. ವರ್ಷದ ದಿನ ಬಂದರೆ ಎಡೆಯನ್ನೂ ಇಡುವುದಿಲ್ಲ. ಯಾರಾದರೂ ಕೇಳಿದರೆ, "ನನ್ನ ತಲಿಗಿಂತ ಅವಗ ಗಾಡಿ ದೊಡ್ಡದಾತು" ಎನ್ನುತ್ತಾಳಂತೆ. ಮಗ ತನ್ನನ್ನು ಲೆಕ್ಕಕ್ಕಿಡಲಿಲ್ಲ ಎಂದುಕೊಂಡೇ ಆ ತಾಯಿ ಆರು ವರ್ಷ ಬದುಕಿದ್ದಾಳೆ. ಹಾಗೆ ಅಂದುಕೊಳ್ಳಲು ನನ್ನ ತಲೆಬರಹವೂ ಸಾಕಷ್ಟು ನೆರವಾಗಿದೆ.

ಸಾಬೀರಾ ಸುಗ್ಗಿಯಲ್ಲಿ ಕಟ್ಟುವ ಕೆಂಪು ಪಟ್ಟಿಗಳು ಎಲ್ಲಿಂದ ಬರುತ್ತವೆ ಗೊತ್ತೇ? ಪಾಂಡಪ್ಪನವರ ಗಂಟಿನಲ್ಲಿ ಮಾರಾಟವಾಗದೆ ಉಳಿದ ಸೀರೆಗಳನ್ನು ಅನ್ನವ್ವನೇ ಹರಿದು ಕೊಡುತ್ತಾಳೆ. ಇನ್ನೊಬ್ಬರ ಮಗನಾದರೂ ಉಳಿಯಲಿ ಎಂದು.

"ದಿನಾ ಬೆಳಿಗ್ಗೆ ಆಕಿ ಕೊಟ್ಟ ಅರಿವಿ ಕಟ್ಟತೀನಿ. ದಿನಾ ಹೇಳಬೇಕಂತೀನಿ. ಬಾಯಿ ಬರೂದಿಲ್ಲ. ನೀವ ಪೇಪರಿನ್ಯಾಗ ಹಾಕಿದ್ರ ಯಾರರ ಆಕಿಗೆ ಓದಿ ಹೇಳತಾರ" ಎಂದರು ಸಾಬೀರಾ.

ಅದಕ್ಕೆ ನಾನು ಒಪ್ಪಲಿಲ್ಲ. ಒಮ್ಮೆ ಪತ್ರಿಕೆಯಿಂದ ಆ ತಾಯಿಗೆ ಆದದ್ದೇ ಸಾಕು. ಮೊದಲು ನಿಮ್ಮ ಬಾಯಿಂದ ಹೇಳಿ, ಆಮೇಲೆ ಬರೆಯುತ್ತೇನೆ ಎಂದೆ. ಒಂಬತ್ತನೆಯ ದಿನ ಮಾಸ್ತರರ ಫೋನಿನಿಂದ ಸಾಬೀರಾ ಕರೆ ಮಾಡಿದರು. "ಬರ್ರಿ. ಒಬ್ಬಾಕಿನ ಹೋಗಾಕ ಆಗವಲ್ಲದು."

ನಾವು ಹೋದಾಗ ಮಧ್ಯಾಹ್ನ. ಅನ್ನವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೆಂಪು ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿಯುತ್ತಿದ್ದಳು. "ಬಾ ಸಾಬೀರಾ, ನಿನಗ ಅರಿವಿ ಹರ್ಯಾಕತ್ತೇನಿ" ಎಂದಳು. ಸಾಬೀರಾ ಕೂರಲಿಲ್ಲ. ನಿಂತೇ, ಗೋಡೆ ನೋಡುತ್ತ, ನನಗೆ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕಲ್ಲನ್ನೂ ಬಿಡಲಿಲ್ಲ. ಅನ್ನವ್ವನ ಕೈ ಅರ್ಧ ಹರಿದ ಅರಿವೆಯ ಮೇಲೆ ನಿಂತಿತು.

"ಆರು ವರ್ಷ ನನ್ನ ಕೈಲೆ ಈ ಪಟ್ಟಿ ಇಸಗೊಂಡೆಲ್ಲ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. "ಹೋಗು ಇನ್ನ" ಎಂದು ಮುಖ ತಿರುಗಿಸಿದಳು. ಹರಿದ ಪಟ್ಟಿಗಳು ಮಡಿಲಲ್ಲಿಯೇ ಉಳಿದವು. ಅವಳು ಕೊಡಲಿಲ್ಲ, ಇವರು ಕೇಳಲಿಲ್ಲ.

ಹೊಸ್ತಿಲು ದಾಟಿದ್ದೆವು. ಒಳಗಿನಿಂದ ಕರೆದಳು.

"ಸಾಬೀರಾ. ಬಸ್ಸ ನಿಂತಾಗ ಅವನೂ ನಿಂತನಾ?"

"ನಿಂತ, ಅನ್ನಕ್ಕ."

"ರಸ್ತಾ ಖಾಲಿ ಇತ್ತಾ?"

"ಖಾಲಿ ಇತ್ತು. ಆದ್ರೂ ಹಿಂದ ನಿಂತ. ಅಲ್ಲಾನ ಆಣಿ, ಅನ್ನಕ್ಕ."

"ಆಣಿ ಬ್ಯಾಡ. ಇನ್ನೊಮ್ಮೆ ಹೇಳು."

ಸಾಬೀರಾ ಇನ್ನೊಮ್ಮೆ ಹೇಳಿದರು. ಬಸ್ಸು ಬಂದದ್ದು, ನಿಂತದ್ದು, ಹಿಂದೆ ಕೆಂಪು ಕಾರು ನಿಂತದ್ದು. ಕೈ ಬೀಸಿದ್ದನ್ನು ಹೇಳಹೋದಾಗ ಅನ್ನವ್ವ ತಡೆದಳು. ಅಷ್ಟನ್ನೇ ಮತ್ತೆ ಹೇಳಿಸಿಕೊಂಡಳು, ಮತ್ತೂ ಒಮ್ಮೆ. ಹಾರ್ನ್ ಹೊಡೆಯಲಿಲ್ಲವಾ ಎಂದು ನಡುವೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆವಾಗ ಪೇಪರಿನ್ಯಾಗ ಬರದಾವ್ರು ನೀವ ಏನ್ರಿ?"

"ಹೌದವ್ವಾ. ನಾನೇ."

"ದೊಡ್ಡ ಅಕ್ಷರದಾಗ ಬರದಿದ್ರಿ. ನಮ್ಮನಿಯವರು ಓದಿ ಹೇಳಿದ್ರು." ಮಡಿಲಲ್ಲಿದ್ದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹಂಗಾರ ಇದನ್ನೂ ಬರೀರಿ. ಬಸ್ಸ ನಿಂತಾಗ ನನ್ನ ಮಗನೂ ನಿಂತಿದ್ದ ಅಂತ ಬರೀರಿ. ಅಷ್ಟ ದೊಡ್ಡ ಅಕ್ಷರದಾಗ."