ಶುಕ್ರವಾರದ ಜೋಳ

ಇವತ್ತು ಪ್ರಯೋಗಾಲಯದ ಬಾಗಿಲು ತೆರೆದ ಕೂಡಲೇ ಹುಡುಗಿಯರೆಲ್ಲ ಮೂಗಿಗೆ ವೇಲು ಒತ್ತಿಕೊಂಡರು. ಎಲೆಯಿಂದ ಡಿಎನ್‌ಎ ತೆಗೆಯುವ ದ್ರಾವಣದಲ್ಲಿ ಒಂದು ರಾಸಾಯನಿಕ ಸೇರುತ್ತದೆ. ಒಂದೆರಡು ಹನಿ ಬಿದ್ದರೆ ಸಾಕು, ಕೊಳೆತ ತತ್ತಿಯ ನಾತ ಕೋಣೆಯನ್ನೆಲ್ಲ ತುಂಬುತ್ತದೆ. “ಮೇಡಂ, ಹೆಂಗ ತಡಕೊಂತೀರಿ ಇದನ್ನ?” ಎಂದು ಒಬ್ಬಳು ಕೇಳಿದಳು. ತಡೆದುಕೊಳ್ಳುವುದೇನು, ನನಗದು ಹಿತವಾಗಿಯೇ ಇರುತ್ತದೆ ಎಂದುಬಿಟ್ಟರೆ ರಾಯಚೂರಿನ ಈ ಕಾಲೇಜಿನಲ್ಲಿ ನನಗಿರುವ ಅಷ್ಟಿಷ್ಟು ಮರ್ಯಾದೆಯೂ ಹೋಗುತ್ತದೆ. ನಕ್ಕು ಕಿಟಕಿ ತೆಗೆದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಕೆಲವರಿಗೆ ಮಲ್ಲಿಗೆಯ ಘಮಕ್ಕೆ ಯಾರೋ ನೆನಪಾಗುತ್ತಾರೆ. ನನಗೆ ಈ ನಾತಕ್ಕೆ ಕುರ್ಡಿಯ ಮಾಳಮ್ಮ ನೆನಪಾಗುತ್ತಾಳೆ.

ಎಳೆಯ ಜೋಳದ ಎಲೆಯನ್ನು ಒರಳಿನಲ್ಲಿ ಅರೆದು, ಆ ನಾತದ ದ್ರಾವಣದಲ್ಲಿ ಬೆಚ್ಚಗೆ ಇಟ್ಟು, ಯಂತ್ರದಲ್ಲಿ ಗರಗರ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ನಳಿಗೆಗೆ ಹಾಕಿ, ಅದರ ಮೇಲೆ ತಣ್ಣನೆಯ ಆಲ್ಕೋಹಾಲನ್ನು ಮೆಲ್ಲಗೆ ಇಳಿಬಿಡಬೇಕು. ಆಮೇಲೆ ಉಸಿರು ಬಿಗಿಹಿಡಿದು ನೋಡಬೇಕು. ಎರಡು ದ್ರವಗಳು ಕೂಡುವಲ್ಲಿ ಏನೋ ಬೆಳ್ಳಗೆ ಕದಲುತ್ತದೆ, ಎಳೆಯಾಗುತ್ತದೆ, ನೂತ ಹತ್ತಿಯ ಹಾಗೆ ತೇಲುತ್ತ ಮೇಲೇಳುತ್ತದೆ. ಅದೇ ಡಿಎನ್‌ಎ. ಮೊದಲ ಸಲ ಕಂಡ ದಿನ ನಾನು ಮಧ್ಯಾಹ್ನದ ಊಟ ಮರೆತು ಆ ನಳಿಗೆಯನ್ನು ಕಿಟಕಿಗೆ ಹಿಡಿದು ನಿಂತಿದ್ದೆ. ನಮ್ಮ ಸರ್ ಹಿಂದೆ ಬಂದು, “ನೋಡಿದ್ದು ಸಾಕು, ಮುಂದಿನ ಕೆಲಸ ಮಾಡಮ್ಮ” ಎಂದಾಗಲೇ ಎಚ್ಚರವಾದದ್ದು.

ಆಗ ನಾನು ಸಂಶೋಧನೆಯ ವಿದ್ಯಾರ್ಥಿನಿ, ಸರ್ ನನ್ನ ಮಾರ್ಗದರ್ಶಕರು. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಮನೆಗಳಲ್ಲಿ ಉಳಿದಿರಬಹುದಾದ ಹಳೆಯ ಬಿಳಿಜೋಳಗಳನ್ನು ಕೂಡಿಸಿ ಅವುಗಳ ಡಿಎನ್‌ಎ ನೋಡುವುದು ನಮ್ಮ ಕೆಲಸ. ಎಲ್ಲ ಕಡೆ ಬಿತ್ತುವ ಅಂಗಡಿಯ ತಳಿಗಿಂತ ಬೇರೆ ಎಂದು ಕಂಡದ್ದನ್ನು ಬೀಜ ಕಾಪಿಡುವ ತಣ್ಣನೆಯ ಕೋಣೆಗೆ ಕಳಿಸುತ್ತಿದ್ದೆವು. ಅಲ್ಲಿ ಅದು ಎಷ್ಟೋ ವರ್ಷ ಜೀವ ಹಿಡಿದುಕೊಂಡು ಮಲಗಿರುತ್ತದೆ. ಅಂಗಡಿಯದರ ಹಾಗೆಯೇ ಇದೆ ಎಂದು ಕಂಡರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಗೀಟು ಹೊಡೆದು ಮುಂದಕ್ಕೆ ಹೋಗುವುದು.

ವಿಭಾಗಕ್ಕೆ ಇದ್ದದ್ದು ಒಂದೇ ಜೀಪು. ವಾರವೆಲ್ಲ ಅದಕ್ಕೆ ದೊಡ್ಡವರ ಕೆಲಸ. ನಮ್ಮ ಪಾಲಿಗೆ ಅದು ಸಿಗುತ್ತಿದ್ದದ್ದು ಶುಕ್ರವಾರ. ಹಾಗಾಗಿ ಶುಕ್ರವಾರ ಬಂತೆಂದರೆ ಚೀಲ, ನೋಂದಣಿ ಪುಸ್ತಕ, ನೀರಿನ ಬಾಟಲಿ ಹಿಡಿದು ಒಂದೊಂದು ಊರಿಗೆ ಹೊರಡುತ್ತಿದ್ದೆ. ದಾರಿಯ ಉದ್ದಕ್ಕೂ ಎರೆನೆಲ, ಅದರ ಮೇಲೆ ಕಂಪಿಸುವ ಬಿಸಿಲು. ಜೀಪಿನ ಕುಲುಕಾಟಕ್ಕೆ ಅರ್ಧ ನಿದ್ದೆ, ಅರ್ಧ ಎಚ್ಚರ. ನಿಜ ಹೇಳಬೇಕೆಂದರೆ ನನ್ನ ಸಂಶೋಧನೆಯ ಬಹುಭಾಗ ನಡೆದದ್ದು ಇಂಥ ತೂಕಡಿಕೆಯಲ್ಲಿಯೇ.

ಹೀಗೆ ಒಂದು ಶುಕ್ರವಾರ ಕುರ್ಡಿಯಲ್ಲಿ ಮಾಳಮ್ಮನ ಮನೆಯ ಮುಂದೆ ಇಳಿದೆ. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಕಾಲುವೆಯ ನೀರು ಬಂದ ಮೇಲೆ ಮಕ್ಕಳು ಭತ್ತಕ್ಕೆ ತಿರುಗಿದ್ದರು. ಹೊಲದ ಎತ್ತರದ ತುದಿಯಲ್ಲಿ ಒಂದು ತುಂಡು ಮಾತ್ರ ಮಾಳಮ್ಮ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಹಿಂಗಾರಿಗೆ ತನ್ನ ಜೋಳ ಬಿತ್ತುತ್ತಿದ್ದಳು. ಆ ಬೀಜ ಅವಳಿಗೆ ಅತ್ತೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ. ತಾಯಿಯಿಂದ ಮಗಳಿಗಲ್ಲ, ರಕ್ತದ ನಂಟೇ ಇಲ್ಲದ ಹೆಂಗಸರ ಕೈಯಿಂದ ಕೈಗೆ ಇಳಿದು ಬಂದ ಬೀಜ. ಅನುವಂಶೀಯತೆಯನ್ನು ಪುಸ್ತಕದಲ್ಲಿ ಓದಿದ್ದ ನನಗೆ ಇದು ಬಹಳ ಸೋಜಿಗವೆನಿಸಿತ್ತು.

“ಮುಂದಿನ ವರ್ಷ ಆ ತುಂಡೂ ಸಮ ಮಾಡಿ ನೀರ ಹಾಯಿಸ್ತಾರಂತ ಮಗಳ. ಬಿತ್ತಾಕ ನೆಲಾನ ಇರಂಗಿಲ್ಲ. ನಿಮ್ಮ ತಣ್ಣನ ಖೋಲ್ಯಾಗ ನಮ್ಮ ಜೋಳ ಇಟ್ಟಕೊಂತೀರೇನು?” ಎಂದು ಕೇಳಿದಳು.

“ಬ್ಯಾರೆ ಅದ ಅಂತ ಗೊತ್ತಾದ್ರ ಖರೇನ ಇಟ್ಟಕೊಂತೀವಿ ಯವ್ವಾ.”

“ಬ್ಯಾರೆ ಇಲ್ಲದ ಎಲ್ಲಿ ಹೋಗ್ತದ?” ಎಂದು ನಕ್ಕಳು. ಚಹಾ ಕೊಡುತ್ತ ಯಾವ ಊರೆಂದು ಕೇಳಿದಳು, ದೇವದುರ್ಗ ಎಂದೆ. ಬಾಗಿಲ ಬದಿಯ ಚೀಲದಿಂದ ಎರಡು ಬೊಗಸೆ ಜೋಳ ಹಾಕಿ, “ಇದನ್ನ ಒಯ್ಯಿ. ಆಮ್ಯಾಲ ಬಾ” ಎಂದಳು. ನಮ್ಮ ಕಡೆ ಹೊರಟವರಿಗೆಲ್ಲ ಬಾ ಎಂದೇ ಹೇಳುತ್ತಾರೆ. ನಾನೂ ಆಗಲಿ ಎಂದು ತಲೆಯಾಡಿಸಿ ಜೀಪು ಹತ್ತಿದೆ.

ಕಾಳುಗಳನ್ನು ತಟ್ಟೆಯಲ್ಲಿ ಮೊಳೆಸಿ, ಎಲೆ ಬಂದ ಮೇಲೆ ಅರೆದು, ಬಿಳಿಯ ಎಳೆ ತೆಗೆದೆ. ಆಮೇಲೆ ಡಿಎನ್‌ಎಯ ಗೊತ್ತಾದ ಕೆಲವು ಜಾಗಗಳನ್ನಷ್ಟೇ ಮತ್ತೆ ಮತ್ತೆ ಪ್ರತಿ ಮಾಡುವ ಯಂತ್ರಕ್ಕೆ ಹಾಕಬೇಕು. ಅದು ಬಿಸಿಯಾಗಿ, ತಣ್ಣಗಾಗಿ, ತನ್ನ ಪಾಡಿಗೆ ಗುನುಗುತ್ತ ಎರಡು ಮೂರು ತಾಸು ತೆಗೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಪಕ್ಕದ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಗೆಯಾಡುತ್ತಲೇ ಇದ್ದರೂ ನಮ್ಮ ಪ್ರಯೋಗಾಲಯಕ್ಕೆ ಮಾತ್ರ ಅವುಗಳ ಕರುಣೆ ಇರಲಿಲ್ಲ. ಕೊನೆಗೆ ಆ ತುಣುಕುಗಳನ್ನು ಜೆಲ್ಲಿಯಂಥ ತೆಳು ಹಲಗೆಯಲ್ಲಿ ಓಡಿಸುತ್ತೇವೆ. ಸಣ್ಣವು ಮುಂದೆ ಹೋಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ನೇರಳೆ ಬೆಳಕಿನಡಿ ಇಟ್ಟರೆ ಕತ್ತಲಲ್ಲಿ ಕಿತ್ತಳೆ ಬಣ್ಣದ ಪಟ್ಟಿಗಳು ಹೊಳೆಯುತ್ತವೆ. ಯಾರ ಪಟ್ಟಿ ಯಾರ ಪಟ್ಟಿಗೆ ಸಮ ನಿಂತಿದೆ ಎಂದು ನೋಡುವುದೇ ನಾವು ಮಾಡುವ ಓದು.

ಮಾಳಮ್ಮನ ಜೋಳದ ಪಟ್ಟಿಗಳು ಅಂಗಡಿಯ ತಳಿಯ ಪಟ್ಟಿಗಳ ಪಕ್ಕದಲ್ಲಿ, ನೋಡಿದ ಪ್ರತಿ ಜಾಗದಲ್ಲೂ, ಕೂದಲೆಳೆಯ ವ್ಯತ್ಯಾಸವಿಲ್ಲದೆ ನಿಂತಿದ್ದವು.

ನಾನೇ ನಳಿಗೆ ಅದಲುಬದಲು ಮಾಡಿರಬೇಕೆಂದು ಮತ್ತೆ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಅದೇ ಉತ್ತರ. ಬೇರೆ ಊರುಗಳಿಂದ ತಂದವೂ ಹೀಗೆಯೇ ಇದ್ದವು. ಯಾಪಲದಿನ್ನಿಯ ಒಂದು ಜೋಳ ಮಾತ್ರ ಬೇರೆಯಾಗಿ ಕಂಡಿತ್ತು. ಮನೆಯ ಹಳೆಯ ಜೋಳಗಳು ಈ ಭಾಗದಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗಿವೆ ಎಂದು ಸರ್ ವರದಿ ಬರೆಯತೊಡಗಿದರು. ಮಾಳಮ್ಮನ ಹೆಸರಿನ ಮುಂದೆ ನಾನೇ ಗೀಟು ಹೊಡೆದೆ. ಅವಳಿಗೆ ಗೊತ್ತಿಲ್ಲದಂತೆ ಎಂದೋ ಬೀಜ ಬದಲಾಗಿರಬೇಕು, ಪಾಪ, ಇಲ್ಲದ್ದನ್ನು ಇದೆ ಎಂದು ಕಾಯುತ್ತಿದ್ದಾಳೆ ಎಂದು ಸಂಕಟವಾಯಿತು. ಮುಖಾಮುಖಿ ಹೇಳಿ ಬರುವುದು ಧರ್ಮವೆಂದು ಒಂದು ಮಂಗಳವಾರ ಬಸ್ಸು ಹತ್ತಿ ಹೋದೆ.

ಮಾಳಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ನಾನು ದೊಡ್ಡ ಡಾಕ್ಟರರು ರೋಗಿಯ ಮನೆಯವರಿಗೆ ಹೇಳುವ ದನಿ ತಂದುಕೊಂಡು, “ಯವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಜೋಳ ಅಂಗಡಿ ಜೋಳಾನ ಅದ” ಎಂದೆ.

“ಹೌದಲ್ಲ, ಅಂಗಡೀದ ಅದು. ರೊಟ್ಟಿಗಿ ತಂದಿದ್ದು.”

“ಮತ್ತ ನನಗ್ಯಾಕ ಕೊಟ್ರಿ ಅದನ್ನ?”

“ನೀ ಬಂದದ್ದು ಶುಕ್ರವಾರ ಅಲ್ಲೇನು? ಶುಕ್ರವಾರ ಮನಿ ಬೀಜ ಹೊಸ್ತಿಲ ದಾಟಿಸಾಕ ಬರ್ತದೇನು? ಮನಿ ಲಕ್ಷ್ಮೀನ ಹೊರಗ ಕಳಿಸಿದಂಗ. ಹಂಗಂತ ಬಂದಾಕಿನ್ನ ಖಾಲಿ ಕೈಲೆ ಕಳಸಬೇಕೇನು? ಅದಕ್ಕ ಚೀಲದಾಗಿಂದು ಹಾಕಿದೆ. ಆಮ್ಯಾಲ ಬಾ ಅಂದಿದ್ದೆ. ಅವತ್ತಿಂದ ದಾರಿ ನೋಡಾಕತ್ತೀನಿ.”

“ಹೇಳಬಾರದೇನ್ರಿ ಯವ್ವಾ?”

“ಏನ ಹೇಳೂದು? ದೇವದುರ್ಗದಾಕಿ ಅಂದಿ. ನಿಮ್ಮವ್ವ ಕೊಡ್ತಾಳೇನು ಶುಕ್ರವಾರ?”

ಓದುಗರೇ, ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಮ್ಮವ್ವ ಬೀಜದ ಮಾತಿರಲಿ, ಶುಕ್ರವಾರ ಪಕ್ಕದ ಮನೆಯವರಿಗೆ ಹಾಲಿಗೆ ಬಿಡುವ ಹೆಪ್ಪನ್ನೂ ಕೊಡುತ್ತಿರಲಿಲ್ಲ. ಎಷ್ಟೋ ಸಲ ಬಾಗಿಲಲ್ಲಿ ನಿಂತವರಿಗೆ, “ನಮ್ಮವ್ವ ನಾಳಿ ಬರ್ರಿ ಅಂದಾಳ” ಎಂದು ಹೇಳಿ ಕಳಿಸಿದವಳು ನಾನೇ. ಬಿಳಿಯ ಕೋಟು ಹಾಕಿಕೊಂಡ ದಿನ ಅದೆಲ್ಲ ಎಲ್ಲಿ ಹೋಗಿತ್ತೋ. ಮಂಗಳವಾರವೂ ಕೊಡುವಂತಿಲ್ಲ ಎಂದು ಮಾಳಮ್ಮ ಅವತ್ತೂ ನನ್ನನ್ನು ಬರಿಗೈಯಲ್ಲೇ ಕಳಿಸಿದಳು. ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ ಕಳಿಸಿದಳು ಅನ್ನಿ.

ಸರ್ ಮುಂದೆ ನಿಂತು ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಅವರು ಬಹಳ ಶಿಸ್ತಿನ ಮನುಷ್ಯ. ವರದಿ ಮುಗಿಯುತ್ತ ಬಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, “ತಾರೀಕು ಬರ್ಕೊಂಡೀವಿ, ಊರು ಬರ್ಕೊಂಡೀವಿ, ಮಣ್ಣಿನ ಬಣ್ಣ ಬರ್ಕೊಂಡೀವಿ. ವಾರ ಯಾವುದಂತ ಯಾವ ಪುಸ್ತಕದಾಗ ಕೇಳ್ಯಾರ?” ಎಂದರು. ಆಮೇಲೆ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟರು. ಇಬ್ಬರೂ ಕೂತು ಒಂದೊಂದೇ ತಾರೀಕನ್ನು ಹೊಂದಿಸುತ್ತ ಹೋದೆವು. ಎಲ್ಲ ಶುಕ್ರವಾರ. ಒಂದು ವಾರ ಜೀಪು ಕೆಟ್ಟು ನಿಂತು ನಾವು ಶನಿವಾರ ಹೋಗಿದ್ದೆವು. ಆ ಶನಿವಾರದ ಊರು ಯಾಪಲದಿನ್ನಿ.

ಸರ್ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತೂಗುಹಾಕಿದರು. ಕೊನೆಗೆ, “ನಮ್ಮ ಮನ್ಯಾಗೂ ಕೊಡಂಗಿಲ್ಲ” ಎಂದರು. ಬರೆದಿಟ್ಟ ವರದಿಯನ್ನು ಕಪಾಟಿನೊಳಗೆ ಹಾಕಿ, ನೋಂದಣಿ ಪುಸ್ತಕದಲ್ಲಿ ತಾರೀಕಿನ ಪಕ್ಕ ಅಡಿಪಟ್ಟಿ ಇಟ್ಟು ಇನ್ನೊಂದು ಗೆರೆ ಎಳೆದು, ‘ವಾರ’ ಎಂದು ಬರೆದರು.

ಸೋಮವಾರ ಕುರ್ಡಿಗೆ ಹೋದಾಗ ಮಾಳಮ್ಮ ಒಳಗಿನಿಂದ ಗಡಿಗೆ ತಂದಳು. ಬಾಯಿಗೆ ಬಟ್ಟೆ, ಒಳಗೆ ಬೂದಿ, ಬೇವಿನ ಎಲೆ. ಪ್ಲಾಸ್ಟಿಕ್ ಚೀಲ ಮುಂದೆ ಮಾಡಿದರೆ ಬೇಡವೆಂದು ನನ್ನ ವೇಲಿನ ತುದಿಯಲ್ಲೇ ಕಟ್ಟಿದಳು. ಉಳಿದ ಊರುಗಳಿಗೂ ಬಸ್ಸಿನಲ್ಲಿ ತಿರುಗಿದೆ. ಎಲ್ಲರೂ ಮಾಳಮ್ಮನಂತೆ ಮಾಡಿದ್ದರೆಂದಲ್ಲ. ಕೆಲವು ಮನೆಗಳಲ್ಲಿ ಹಳೆಯ ಜೋಳ ನಿಜವಾಗಿಯೂ ಮುಗಿದಿತ್ತು. ಆದರೆ ಇನ್ನು ಕೆಲವು ಮನೆಗಳಲ್ಲಿ ಗಡಿಗೆಗಳು ಹೊರಬಂದವು.

ಕೊನೆಗೆ ಮಾಳಮ್ಮನ ಗಡಿಗೆಯ ಜೋಳವನ್ನು ನೇರಳೆ ಬೆಳಕಿನಡಿ ಇಟ್ಟೆ. ಪಟ್ಟಿಗಳು ಅಂಗಡಿಯ ತಳಿಯ ಪಟ್ಟಿಗಳಿಗೆ ಸಮ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಒಂದು ಗಿಡದ್ದು ಇದ್ದಂತೆ ಇನ್ನೊಂದು ಗಿಡದ್ದು ಇರಲಿಲ್ಲ. ಆದರೂ ಎಲ್ಲವುಗಳಲ್ಲಿ ಒಂದೇ ಎತ್ತರಕ್ಕೆ ನಿಂತ ಒಂದು ಪಟ್ಟಿ ಇತ್ತು. ಅದು ನಮ್ಮಲ್ಲಿದ್ದ ಬೇರೆ ಯಾವ ಜೋಳದಲ್ಲಿಯೂ ಇರಲಿಲ್ಲ. ಒಂದೇ ಮನೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ಥರ ಇದ್ದು ಮೂಗು ಮಾತ್ರ ಎಲ್ಲರಿಗೂ ಒಂದೇ ಇರುತ್ತದಲ್ಲ, ಹಾಗೆ. ಕತ್ತಲು ಕೋಣೆಯಲ್ಲಿ ನಾನೊಬ್ಬಳೇ ನಿಂತು ಅತ್ತೆ. ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಆ ಹೆಂಗಸರು ಯಾರೂ ನನ್ನವರಲ್ಲ, ಆದರೂ ಎಲ್ಲರೂ ಅಲ್ಲಿ ಸಾಲಾಗಿ ನಿಂತಿದ್ದಾರೆ ಎನಿಸಿತ್ತು.

ಇದನ್ನು ಹೇಳಿದಾಗ ಮಾಳಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. “ಇದಕ್ಕ ಇಷ್ಟು ದಿನ ಬೇಕಾತೇನು? ತೆನಿ ಆರಸುವಾಗ ನಾವ ನೋಡ್ತೀವಲ್ಲ. ಎಲ್ಲಾ ಒಂದ ಥರದ್ದು ಆರಸಬ್ಯಾಡ ಅಂತಿದ್ಲು ನಮ್ಮತ್ತಿ. ಒಂದಕ್ಕ ಹುಳ ಬಿದ್ರ ಇನ್ನೊಂದು ನಿಲ್ಲಲಿ ಅಂತ.” ಅವಳ ಜೋಳ ತಣ್ಣನೆಯ ಕೋಣೆಗೆ ಹೋಯಿತು. ಮೇಲೆ ಒಂದು ಸಂಖ್ಯೆ, ಊರು, ಕೊಟ್ಟವರು ಮಾಳಮ್ಮ.

ಅವಳು ಹೇಳಿದಂತೆಯೇ ಆ ತುಂಡು ಭತ್ತದ ಗದ್ದೆಯಾಯಿತು. ಅವಳು ತೀರಿಹೋಗಿ ಎರಡು ವರ್ಷವಾಯಿತು. ಗಡಿಗೆಯಲ್ಲಿ ಉಳಿದ ಬೀಜ ಹಳತಾಗಿ, ಹಾಕಿದರೂ ಮೊಳೆಯದಂತಾಗಿತ್ತಂತೆ. ಈ ವರ್ಷ ಹಿಂಗಾರಿಗೆ ಮುಂಚೆ ಅವಳ ಕಿರಿಯ ಸೊಸೆ ಈರಮ್ಮ ಫೋನ್ ಮಾಡಿದಳು. ಕಾಲುವೆಯ ನೀರು ಹತ್ತದ, ಬೇರೆಯವರ ಒಂದು ಮಡ್ಡಿ ಹೊಲವನ್ನು ಪಾಲಿಗೆ ಹಿಡಿದಿದ್ದಾಳಂತೆ. “ಅಕ್ಕಾ, ನಮ್ಮತ್ತಿ ಜೋಳ ಇನ್ನೂ ಅದಾವೇನ್ರಿ ಅಲ್ಲಿ?”

ಅರ್ಜಿ ಬರೆದೆ, ಮತ್ತೆ ಬರೆದೆ. ಕೊನೆಗೆ ಒಂದು ಸಣ್ಣ ಪೊಟ್ಟಣ ಬಂತು. ಹೋದ ತಿಂಗಳು ಅದನ್ನು ಹಿಡಿದು ಅವಳ ಹೊಲಕ್ಕೇ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಈರಮ್ಮ ಪೊಟ್ಟಣ ಒಡೆದು ಕಾಳುಗಳನ್ನು ಅಂಗೈಗೆ ಸುರಿದುಕೊಂಡಳು. ಬೆರಳಿಂದ ಆಡಿಸಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಅರ್ಧ ತನ್ನ ಸೆರಗಿಗೆ ಕಟ್ಟಿ, ಉಳಿದರ್ಧವನ್ನು ನನ್ನ ಕೈಗೆ ಹಾಕಿ ಬೆರಳು ಮಡಚಿದಳು.

“ನೀವೂ ಬಿತ್ರಿ ಅಕ್ಕಾ. ನಮ್ಮಲ್ಲಿ ಹೋದ್ರ ನಿಮ್ಮಲ್ಲಿ ಇರ್ತದ.”

ಆ ಜೋಳದ ಒಳಗಿನ ಒಂದೊಂದು ಪಟ್ಟಿಯೂ ನನಗೆ ಬಾಯಿಪಾಠ. ಅದರ ಮೇಲೆ ಬರೆದೇ ನಾನು ಡಾಕ್ಟರ್ ಎನಿಸಿಕೊಂಡದ್ದು. ಕೈಯಲ್ಲಿ ಕಾಳು ಹಿಡಿದು ನಿಂತೆ, ನಾಚಿಕೆ ಬಿಟ್ಟು ಕೇಳಿದೆ, “ಎಷ್ಟು ಆಳಕ್ಕ ಹಾಕಬೇಕವ್ವಾ?”

ಈರಮ್ಮ ನನ್ನ ಮುಖವನ್ನೇ ನೋಡಿದಳು. ನಗಲಿಲ್ಲ. ಕೆಳಗೆ ಕೂತು, ನನ್ನನ್ನೂ ಕೂರಿಸಿ, ನನ್ನ ತೋರುಬೆರಳು ಹಿಡಿದು ಎರಡನೆಯ ಗೆಣ್ಣಿನ ತನಕ ಹಸಿ ಮಣ್ಣಿಗೆ ಒತ್ತಿದಳು.

“ಇಷ್ಟು” ಎಂದಳು.