ಐರ್ಲೆಂಡಿನ ಮಾಸು, ಪುತ್ತೂರಿನ ಹೂಮಾಲೆ

ಮಕ್ಕಳೇ, ಅಜ್ಜಿಗೆ ಐರ್ಲೆಂಡಿನ ಕವಿಗಳ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳುತ್ತೀರಿ, ಕೇಳಿ ನಗುತ್ತೀರಿ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವಳು ನಾನು. ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟೇ ಬರುತ್ತದೆ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೆ ಬರೆದಿಡುತ್ತಿದ್ದೇನೆ. ಇದರಲ್ಲಿ ಹೇಸಿಗೆಯ ಮಾತು ಬರುತ್ತದೆ. ಊಟಕ್ಕೆ ಕೂತಾಗ ಓದಬೇಡಿ.

ನಮ್ಮ ರಬ್ಬರ್ ಗಿಡಗಳ ಆಚೆ ಕೇರಳದಿಂದ ಬಂದ ಕ್ರಿಶ್ಚಿಯನ್ನರ ಮನೆ ಇದೆಯಲ್ಲ, ಆ ಮನೆಯ ಮಗಳು ಐರ್ಲೆಂಡಿನಲ್ಲಿ ನರ್ಸ್. ಚಿಕ್ಕವಳಿದ್ದಾಗ ನಿಮ್ಮ ಅಮ್ಮನ ಜೊತೆ ಕಡಬದ ಕನ್ನಡ ಶಾಲೆಗೆ ಹೋಗುತ್ತಿದ್ದಳು. ನನ್ನನ್ನು ದೊಡ್ಡಮ್ಮ ಎಂದೇ ಕರೆಯುವುದು. ಕಳೆದ ಸಲ ರಜೆಯಲ್ಲಿ ಬಂದಾಗ ಚಾಕಲೇಟಿನ ಜೊತೆ ಕೆಲವು ತೆಳ್ಳಗಿನ ಪುಸ್ತಕಗಳನ್ನು ತಂದು ನಮ್ಮ ಜಗಲಿಯಲ್ಲಿ ಇಟ್ಟಳು.

"ಇದೆಂತ ಮಾರಾಯ್ತಿ?"

"ಕವನ ದೊಡ್ಡಮ್ಮ. ಅಲ್ಲಿ ಲೈಬ್ರರಿಯಲ್ಲಿ ಕೂತು ಓದ್ತಾರೆ. ಒಳಗೆ ಹೀಟರ್ ಉಂಟು ಅಂತ ನಾನು ಹೋದದ್ದು. ಮತ್ತೆ ಅಭ್ಯಾಸ ಆಯ್ತು."

ಒಂದೊಂದೇ ಸಾಲು ಓದಿ ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು. ಕವನ ಎಂದರೆ ನನಗೆ ಶಾಲೆಯಲ್ಲಿ ಬಾಯಿಪಾಠ ಮಾಡಿದ ಚಂದಿರ, ಹೊಳೆ, ತಾಯ್ನಾಡು. ಇದರಲ್ಲಿ ಮೊದಲಿಗೇ ಹೇನು. ಭಾನುವಾರ ಇಗರ್ಜಿಗೆ ಹೋಗುವ ಮೊದಲು ತಾಯಿ ಮಗಳ ತಲೆಯನ್ನು ಬಿಳಿ ಕಾಗದದ ಮೇಲೆ ಬಾಚುತ್ತಾಳೆ. ಬಿದ್ದ ಹೇನುಗಳನ್ನು ಉಗುರಿನಲ್ಲಿ ಕುಕ್ಕುವ ಸದ್ದನ್ನೂ ಆ ಕವಯಿತ್ರಿ ಬಿಟ್ಟಿಲ್ಲ.

"ಛೀ, ಇದನ್ನೆಲ್ಲ ಪುಸ್ತಕದಲ್ಲಿ ಹಾಕುದಾ?"

"ಇನ್ನೂ ಉಂಟು, ಕೇಳಿ," ಎಂದು ನಕ್ಕಳು.

ಮತ್ತೊಬ್ಬ ಕವಿ ದನದ ಹಟ್ಟಿಯ ಸ್ಲರಿ, ಎಂದರೆ ಸೆಗಣಿ ನೀರಿನ ಗುಂಡಿಯ ನಾತವನ್ನು ಬರೆದಿದ್ದಾನೆ. ಎಷ್ಟು ಸಾಬೂನು ಉಜ್ಜಿದರೂ ಅಂಗಿಯಿಂದ ಅದು ಹೋಗುವುದಿಲ್ಲ, ಪೇಟೆಯ ಹುಡುಗಿ ಮೂಗು ತಿರುಗಿಸುತ್ತಾಳೆ. ಇನ್ನೊಬ್ಬಳು ಅವರ ಹಳೆಯ ಭಾಷೆಯಲ್ಲೇ ಬರೆಯುವವಳು. ಆಡುವವರು ಕಡಿಮೆಯಾದ್ದರಿಂದ ಪಕ್ಕದ ಪುಟದಲ್ಲಿ ಇಂಗ್ಲಿಷು ಕೊಡುತ್ತಾಳಂತೆ. ನಮ್ಮ ಮನೆಮಾತು ಅರೆಭಾಷೆಯಲ್ಲಿ ಬರೆದವರು ಕನ್ನಡದಲ್ಲಿ ಅರ್ಥ ಕೊಡಬೇಕಾದ ಹಾಗೆ. ಸಮುದ್ರ, ಸೂರ್ಯಾಸ್ತ ಎಂದು ಉದ್ದ ಎಳೆಯುವ ಕವಿಯೂ ಒಬ್ಬರಿದ್ದರು. ಅವರು ನನಗೆ ಸೇರಲಿಲ್ಲ. ನಿಮಗೂ ಬೇಡ.

ಕೊನೆಗೆ ಅವಳು ಇನ್ನೊಂದು ಕವನ ಓದಿದಳು. ಗಂಡ ಸತ್ತ ಹೆಂಗಸು. ಮನೆಯ ದನ ಕರು ಹಾಕಿದೆ. ಕರುವಿನ ಹಿಂದೆಯೇ ದನದ ಹೊಟ್ಟೆಯಿಂದ ಬಿದ್ದ ಮಾಸನ್ನು ಬರಿಗೈಯಲ್ಲಿ ಎತ್ತಿ ಬೇಲಿಯ ಮುಳ್ಳಿನ ಗಿಡಕ್ಕೆ ನೇತು ಹಾಕುತ್ತಾಳೆ. ಅದು ಆ ಊರಿನ ಹಳೆಯ ಕ್ರಮವಂತೆ. ಕೈ ತೊಳೆದು ಒಳಗೆ ಬಂದು ಬೆರಳು ಮೂಸುತ್ತಾಳೆ. ವಾಸನೆ ಹೋಗಿಲ್ಲ. ಗಂಡ ಹೋದ ಮೇಲೆ ಅವಳ ಕೈಗೆ ಬಿಸಿಯಾಗಿ ತಾಗಿದ್ದು ಅದೊಂದೇ. ಅಲ್ಲಿಗೆ ಮುಗಿಯಿತು.

ನಾನು ಎದ್ದು ಒಳಗೆ ಹೋಗಿ ಸುಮ್ಮನೆ ನೀರು ಕುಡಿದೆ.

ನಿಮ್ಮ ಅಜ್ಜನ ಉತ್ತರಕ್ರಿಯೆಗೆ ಮೊದಲೇ ನಮ್ಮ ಕೆಂಪು ದನ ಕರು ಹಾಕಿತ್ತು. ನಮ್ಮಲ್ಲಿ ಮಾಸನ್ನು ಬೈಹುಲ್ಲಿನಲ್ಲಿ ಸುತ್ತಿ, ಗೋಣಿಯಲ್ಲಿ ಕಟ್ಟಿ, ಹಾಲು ಒಸರುವ ಮರಕ್ಕೆ ತೂಗಿಸುವುದು. ನಾಯಿ ತಿಂದರೆ ದನಕ್ಕೆ ಹಾಲು ಬತ್ತುತ್ತದೆ ಎನ್ನುತ್ತಾರೆ. ಅದು ಗಂಡಸರ ಕೆಲಸ. ಆ ದಿನ ಗಂಡಸರೆಲ್ಲ ಕ್ರಿಯೆಯ ಸಾಮಾನಿಗೆ ಹೋಗಿದ್ದರು. ನಾನೇ ಏಣಿ ಇಟ್ಟು ಹಲಸಿನ ಮರಕ್ಕೆ ಕಟ್ಟಿ, ಇಳಿದು ವಾಂತಿ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದೇ ಅನಿಸಿರಲಿಲ್ಲ. ಇಷ್ಟು ದೂರದ ಊರಿನವಳೊಬ್ಬಳು ಅದನ್ನು ಬರೆದಿದ್ದಾಳೆ, ಅಚ್ಚು ಹಾಕಿಸಿದ್ದಾಳೆ, ಜನ ಕೂತು ಕೇಳಿದ್ದಾರೆ.

ನಮ್ಮ ಊರು ಆಲಂಕಾರಿನಲ್ಲೂ ಜನ ಅದನ್ನು ಕೇಳಬೇಕು ಎಂದು ನನಗೆ ಹಟ ಬಂತು. ಸಿಕ್ಕಿದ ಹೆಂಗಸರಿಗೆಲ್ಲ ಹೇಳಿದೆ. ಸುದ್ದಿ ಪುತ್ತೂರಿನ ಒಂದು ಸಾಹಿತ್ಯ ಬಳಗಕ್ಕೆ ಮುಟ್ಟಿತು. ಅದರ ಅಧ್ಯಕ್ಷರು ನಿವೃತ್ತ ಹೈಸ್ಕೂಲು ಮಾಸ್ಟ್ರು. ಹೊರದೇಶದ ಕವನಗಳ ಒಂದು ಕಾರ್ಯಕ್ರಮ ಉಂಟು, ನಿಮಗೆ ಇಷ್ಟವಾದ ಕವನವನ್ನು ನೀವೇ ಓದಬೇಕು ಎಂದು ಫೋನು ಮಾಡಿದರು. ಮೈಕಿನ ಎದುರು ನಿಂತವಳಲ್ಲ ನಾನು. ಆದರೂ ಒಪ್ಪಿದೆ. ಐರ್ಲೆಂಡಿಗೆ ಮರಳಿದ್ದ ನರ್ಸ್ ಹುಡುಗಿ ಅಲ್ಲಿನ ಲೈಬ್ರರಿಯ ಪುಸ್ತಕ ನೋಡಿ ಫೋನಿನಲ್ಲಿ ಪುನಃ ಸಾಲು ಸಾಲಾಗಿ ಹೇಳಿದಳು. ನಾನು ನನ್ನ ಕನ್ನಡಕ್ಕೆ ತಂದೆ. ದೊಡ್ಡವಳೇ, ಮೊಬೈಲಿನಲ್ಲಿ ಟೈಪು ಮಾಡಿ ಅವರಿಗೆ ಕಳುಹಿಸಿದವಳು ನೀನೇ.

ಕಾರ್ಯಕ್ರಮದ ದಿನ ಪುತ್ತೂರಿನಲ್ಲಿ ಅವರು ಕೈಗೆ ಕೊಟ್ಟ ಹಾಳೆಯಲ್ಲಿ ಹೀಗಿತ್ತು: ಹೆಂಗಸು ಬೇಲಿಯ ಗಿಡಕ್ಕೆ ಹೂಮಾಲೆ ಹಾಕುತ್ತಾಳೆ.

"ಮಾಸ್ಟ್ರೇ, ಇದು ತಪ್ಪಿದೆಯಲ್ಲ?"

"ತಪ್ಪಲ್ಲ ಅಕ್ಕ, ನಾನೇ ಸ್ವಲ್ಪ ತಿದ್ದಿದ್ದು. ವೇದಿಕೆಯಲ್ಲಿ ದೊಡ್ಡವರು ಇರ್ತಾರೆ, ಕೂಡ್ಲೇ ಊಟ. ಮಾಸು ಗೀಸು ಅಂತ ಹೇಳ್ಲಿಕ್ಕೆ ಆಗ್ತದಾ? ಭಾವ ಒಂದೇ ಅಲ್ವಾ?"

"ಹೂಮಾಲೆ ಬಿಸಿ ಇರ್ತದಾ ಮಾಸ್ಟ್ರೇ?"

ಅವರು ಅತಿಥಿಗಳ ಕಾರು ಬಂತೆಂದು ಓಡಿದರು.

ಭಾಷಣಗಳು ಮುಗಿಯುವಾಗ ಅಡುಗೆಯ ಒಗ್ಗರಣೆಯ ವಾಸನೆ ಸಭಾಂಗಣದ ತುಂಬ ಇತ್ತು. ಒಬ್ಬರಾದರೂ ಕವನವನ್ನು ಓದಿದವರ ಹಾಗೆ ಮಾತಾಡಲಿಲ್ಲ. ವಿಶ್ವಮಾನವತೆ, ಮಾತೃಹೃದಯ ಎಂದು ಬಾಯಿ ತುಂಬ ಹೇಳಿದರು. ಹೇನಿನ ಕವನ ಕೇಳಿದಾಗ ಬಂದದ್ದಕ್ಕಿಂತ ಹೆಚ್ಚು ಅಸಹ್ಯ ನನಗೆ ಅಲ್ಲಿ ಬಂತು. ಹೇನಿಗಾದರೂ ಜೀವ ಇರುತ್ತದೆ.

ನನ್ನ ಸರದಿ ಬಂತು. ಹಾಳೆ ನೋಡಿ ಓದುತ್ತಾ ಹೋದೆ. ಹೂಮಾಲೆಯ ಸಾಲು ಬಂದಾಗ ಹಾಳೆಯನ್ನು ಮಡಚಿದೆ. "ಕರುವಿನ ಮಾಸನ್ನು ಎತ್ತಿ ಮುಳ್ಳಿನ ಗಿಡಕ್ಕೆ ಹಾಕಿದಳು," ಎಂದೆ. ಮೈಕಿನಲ್ಲಿ ಆ ಮಾತು ಸಭಾಂಗಣದ ಮೂಲೆಮೂಲೆಗೂ ಹೋಯಿತು. ಎದುರಿನ ಸಾಲಿನ ಹೆಂಗಸೊಬ್ಬರು ನಿಜವಾಗಿ ನಾತ ಬಂದವರ ಹಾಗೆ ಸೆರಗಿನಿಂದ ಮೂಗು ಮುಚ್ಚಿದರು. ಹಿಂದಿನಿಂದ ಯಾರೋ ಕೇಳಿದರು:

"ಮುಳ್ಳಿಗಾ? ಹಾಲು ಬರುವ ಮರಕ್ಕೆ ಅಲ್ವಾ ಹಾಕುದು?"

"ನಮ್ಮಲ್ಲಿ ತೆಂಗಿನ ಬುಡದಲ್ಲಿ ಹೂಳುದು," ಎಂದು ಇನ್ನೊಬ್ಬಳು.

"ಹೂತರೆ ನಾಯಿ ಬಿಡ್ತದಾ ಮಾರಾಯ್ತಿ? ಕೆದಕಿ ತೆಗೀತದೆ!"

ನಗು ಎದ್ದಿತು. ನನಗೆ ಧೈರ್ಯವೂ ಬಂತು. ಮುಂದಿನ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಬೆನ್ನಿನ ಮೇಲೆ ಶಾಲು ಬಿತ್ತು. ಅಧ್ಯಕ್ಷರು ಹಲ್ಲು ಬಿಟ್ಟು ನನ್ನ ಬಾಯಿಯ ಎದುರಿನಿಂದ ಮೈಕು ಎಳೆದುಕೊಂಡರು. "ಈ ಪ್ರಾಯದಲ್ಲೂ ಇಷ್ಟು ಉತ್ಸಾಹ! ಅಜ್ಜಿಗೆ ಒಂದು ಜೋರು ಚಪ್ಪಾಳೆ!" ಕೈಗೆ ಹಣ್ಣಿನ ಬುಟ್ಟಿ ಬಂತು, ಫೋಟೋದವನು ಈ ಕಡೆ ನೋಡಿ ಎಂದ. ಕೊನೆಯ ಸಾಲುಗಳು ಬಾಯಿಯಲ್ಲೇ ಉಳಿದವು. ಹೊಸ ಶಾಲಿನ ಗಂಜಿಯ ವಾಸನೆ ಇವತ್ತಿಗೂ ನೆನಪಾದರೆ ಓಕರಿಕೆ ಬರುತ್ತದೆ.

ಊಟದ ಸಾಲಿನಲ್ಲಿ ನಿಂತಿದ್ದಾಗ ನನ್ನದೇ ಪ್ರಾಯದ ಒಬ್ಬಳು ತಟ್ಟೆ ಹಿಡಿದು ಹತ್ತಿರ ಬಂದಳು. ಮುಳ್ಳಿಗಾ ಎಂದು ಕೇಳಿದವಳು ಅವಳೇ.

"ಮತ್ತೆ ಎಂತ ಆಯ್ತು ಅಕ್ಕ? ಆ ಹೆಂಗಸಿಗೆ?"

ಉಳಿದದ್ದನ್ನು ಹೇಳಿದೆ. ಅವಳು ತನ್ನ ಕೈಯನ್ನು ನೋಡಿದಳು.

"ಹೌದು. ಬಿಸಿ ಇರ್ತದೆ," ಎಂದಳು. ಆಮೇಲೆ ಮುಂದೆ ಹೋಗಿ ಸಾಂಬಾರು ಹಾಕಿಸಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಬಳಗದವರು ಆ ಕವನಗಳನ್ನು ಪುಸ್ತಕ ಮಾಡುತ್ತೇವೆಂದು ಮತ್ತೆ ಫೋನು ಮಾಡಿದರು.

"ಹೂಮಾಲೆ ಅಂತಲೇ ಇರ್ಲಿ ಅಕ್ಕ. ಮಕ್ಕಳ ಕೈಗೆ ಹೋಗುವ ಪುಸ್ತಕ."

"ಹಾಗಾದ್ರೆ ನನ್ನ ಹೆಸರು ಹಾಕ್ಬೇಡಿ ಮಾಸ್ಟ್ರೇ."

ನಾನು ಮುನಿದರೆ ಮಾಸು ಉಳಿಯುತ್ತದೆ ಎಂದು ಎಣಿಸಿದ್ದೆ. ಅವರಿಗೆ ಅದು ಅನುಕೂಲವೇ ಆಯಿತು. ಪುಸ್ತಕ ಬಂದಾಗ ಹೂಮಾಲೆಯೂ ಇತ್ತು, ಕವನದ ಕೆಳಗೆ ಅನುವಾದಕರೆಂದು ಮಾಸ್ಟ್ರ ಹೆಸರೂ ಇತ್ತು. ಎಲ್ಲರೂ ಆ ಹೂಮಾಲೆಯ ಸಾಲನ್ನೇ ಹೊಗಳುತ್ತಿದ್ದಾರೆ ಎಂದು ಫೋನು ಮಾಡಿ ಖುಷಿಯಿಂದ ಹೇಳಿದರು. ನಾನು ಫೋನು ಇಟ್ಟೆ.

ನಾಳೆ ನಿಮ್ಮ ಶಾಲೆಗೂ ಆ ಪುಸ್ತಕ ಬರಬಹುದು. ಬಂದರೆ ಆ ಪುಟವನ್ನು ನಂಬಬೇಡಿ. ನೀವು ಇಂಗ್ಲಿಷು ಕಲಿಯುತ್ತಿದ್ದೀರಿ, ನನ್ನ ಹಾಗೆ ಇನ್ನೊಬ್ಬರ ಬಾಯಿಯಿಂದ ಕೇಳಬೇಕಾಗಿಲ್ಲ. ಆಚೆ ಮನೆಗೆ ಹೋಗಿ, ಅವಳು ಅಲ್ಲಿ ಬಿಟ್ಟು ಹೋದ ಆ ತೆಳ್ಳಗಿನ ಪುಸ್ತಕಗಳನ್ನು ಕೇಳಿ ತನ್ನಿ. ಹೇನಿನವಳನ್ನು ಓದಿ, ಸ್ಲರಿಯವನನ್ನು ಓದಿ, ಮಾಸಿನವಳನ್ನು ಗಟ್ಟಿಯಾಗಿ ಓದಿ. ವಾಂತಿ ಬಂದರೆ ಅಂಗಳಕ್ಕೆ ಹೋಗಿ ಮಾಡಿ, ಬಾಯಿ ತೊಳೆದು ಬಂದು ಕೊನೆಯ ಸಾಲಿನವರೆಗೆ ಓದಿ.