ದೂರ ನಿಂತ ಚುಕ್ಕಿ

ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಸರಾಸರಿ ಮೇಡಂ. ಮಕ್ಕಳು ಇಟ್ಟ ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಕೇಳಿಸದವರ ಹಾಗೆ ಇದ್ದುಬಿಟ್ಟಿದ್ದರು. ಅರ್ಧ ಆಯುಷ್ಯ ಹೈಸ್ಕೂಲಿನಲ್ಲಿ ಗಣಿತ ಹೇಳಿ, ತಲೆ ನರೆಯತೊಡಗಿದ ಮೇಲೆ ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತ ಹೆಂಗಸು. ಕಲಿಸಿದವಳು ಸ್ವಂತ ಮಗಳು. "ಅಮ್ಮಾ, ಕೀಬೋರ್ಡನ್ನ ಹಾಗೆ ಕುಟ್ಟಬೇಡ್ವೇ, ಅದೇನು ಒರಳಾ?" ಎಂದು ಅವಳು ರೇಗುತ್ತಿದ್ದಳು. ತಾಯಿ ಕುಟ್ಟುವುದನ್ನೂ ಬಿಡಲಿಲ್ಲ, ಕಲಿಯುವುದನ್ನೂ ಬಿಡಲಿಲ್ಲ.

ಬೇಸಿಗೆ ರಜೆ ಬಂತೆಂದರೆ ಉಳಿದ ಮೇಷ್ಟ್ರುಗಳು ಕಾಲು ಚಾಚಿ ಕೂರುತ್ತಿದ್ದರು. ಮೇಡಂ ಮಾತ್ರ ಊರಿನ ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆಸಿ ಹೈಸ್ಕೂಲು ಮಕ್ಕಳಿಗೆ ಡೇಟಾ ಸೈನ್ಸ್ ಶಿಬಿರ ನಡೆಸುತ್ತಿದ್ದರು. ಅದೇನು ವಿದ್ಯೆ ಎಂದು ತಂದೆತಾಯಂದಿರು ಕೇಳಿದರೆ, "ಅಂಕಿ ರಾಶಿ ಹಾಕೋದು, ಅದರಲ್ಲಿರೋ ಕಸ ತೆಗೆಯೋದು, ಮಿಕ್ಕಿದ್ದು ಏನು ಹೇಳುತ್ತೆ ಅಂತ ಕೇಳಿಸ್ಕೊಳ್ಳೋದು, ಅಷ್ಟೇ" ಎನ್ನುತ್ತಿದ್ದರು. ಆ ಶಿಬಿರ ಅವರ ಜೀವವಾಗಿತ್ತು. ವರ್ಷವಿಡೀ ಅವರು ಕಾಯುತ್ತಿದ್ದದ್ದು ಆ ಕೆಲವು ವಾರಗಳಿಗೇ.

ಅಲ್ಲಿ ಅವರದೊಂದು ಕಟ್ಟಪ್ಪಣೆ ಇತ್ತು. ಮಕ್ಕಳ ಮೈಗೆ ಸಂಬಂಧಪಟ್ಟ ಯಾವ ಅಂಕಿಯ ಪಕ್ಕದಲ್ಲೂ ಹೆಸರು ಇರಕೂಡದು. ಅವರು ಹುಡುಗಿಯಾಗಿದ್ದಾಗ ಶಾಲೆಗೆ ತೂಕದ ಯಂತ್ರ ತಂದು ಎಲ್ಲರನ್ನೂ ತೂಗಿದ್ದರು. ಮೇಷ್ಟ್ರು ಒಬ್ಬೊಬ್ಬರ ತೂಕವನ್ನೂ ಹೆಸರು ಹಿಡಿದು ಗಟ್ಟಿಯಾಗಿ ಓದಿದರು. ಇವರದ್ದು ಓದಿದಾಗ ತರಗತಿ ಗೊಳ್ಳೆಂದಿತು, ಶಾಲೆ ಬಿಡುವ ತನಕ ಇವರು 'ಮೂಟೆ'ಯಾಗಿಯೇ ಉಳಿದರು. ಮಕ್ಕಳು ಮರೆತುಬಿಡುತ್ತಾರೆ ಎನ್ನುವವರನ್ನು ಕಂಡರೆ ಮೇಡಂಗೆ ಇಂದಿಗೂ ಮೈ ಉರಿಯುತ್ತದೆ. ಹೀಗಾಗಿ ಶಿಬಿರದಲ್ಲಿ ಪ್ರತಿಯೊಬ್ಬರೂ ಡಬ್ಬಿಯಿಂದ ಒಂದು ನಂಬರಿನ ಚೀಟಿ ಎತ್ತಿ ಜೇಬಿಗೆ ಹಾಕಿಕೊಳ್ಳಬೇಕು, ಪಕ್ಕದವರಿಗೂ ತೋರಿಸುವಂತಿಲ್ಲ. ಯಾವ ನಂಬರು ಯಾರದ್ದೆಂದು ಮೇಡಂಗೂ ಗೊತ್ತಿರುತ್ತಿರಲಿಲ್ಲ.

ಅವತ್ತಿನ ಪಾಠ ನಾಡಿಬಡಿತದ್ದು. ಮೂಲೆಯಲ್ಲಿ ಒಂದು ಪರದೆ, ಅದರ ಹಿಂದೆ ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರ. ಒಬ್ಬೊಬ್ಬರೇ ಹೋಗಿ, ಸುಮ್ಮನೆ ಕೂತು, ಬಿಟ್ಟುಬಿಟ್ಟು ಮೂರು ಸಲ ಅಳೆದು, ತಮ್ಮ ನಂಬರಿನ ಎದುರು ತಾವೇ ಬರೆದು ಬರಬೇಕು. ಆಮೇಲೆ ತಂಡತಂಡವಾಗಿ ಕಟ್ಟಡದ ಮೆಟ್ಟಿಲುಗಳನ್ನು ಕೆಳಗಿನಿಂದ ತುದಿಯವರೆಗೆ ಓಡಿ ಹತ್ತಿ ಮತ್ತೆ ಅಳೆಯುವುದು. ಓಟದ ಜವಾಬ್ದಾರಿ, ಕಾಲೇಜಿನ ಕಡೆಯಿಂದ ಶಿಬಿರ ನೋಡಿಕೊಳ್ಳುತ್ತಿದ್ದ ಸಂಯೋಜಕರದ್ದು. ಕಾಲೇಜಿನ ಪುಸ್ತಿಕೆಗೆ ಒಳ್ಳೆ ಚಿತ್ರ ಬೇಕೆಂದು ಅವರು ಬೆಳಿಗ್ಗೆಯಿಂದ ಫೋನು ಹಿಡಿದು ಕುಣಿಯುತ್ತಿದ್ದರು.

ಎಲ್ಲರ ಅಂಕಿಗಳೂ ಗೋಡೆಯ ಮೇಲೆ ಚುಕ್ಕಿಗಳಾಗಿ ಮೂಡಿದವು. ನಡುವೆ ಒಂದು ಗುಂಪು, ಮೇಲೆ ಎಲ್ಲೋ ಸೂರಿನ ಹತ್ತಿರ ಒಂದೇ ಒಂದು ಚುಕ್ಕಿ.

"ಮೇಡಂ, ಅದು ಮಷೀನ್ ತಪ್ಪು" ಎಂದು ಕತ್ತರಿ ಥಟ್ಟನೆ ಹೇಳಿದಳು. ತಪ್ಪು ಅಂಕಿಗಳನ್ನು ಹುಡುಕಿ ಕತ್ತರಿಸುವುದರಲ್ಲಿ ಶಿಬಿರದಲ್ಲೇ ಚುರುಕು ಹುಡುಗಿ, ಅದಕ್ಕೇ ಆ ಹೆಸರು. "ಕೂತಲ್ಲೇ ಕೂತವರಿಗೆ ನೂರೆಂಬತ್ತು ಬರುತ್ತಾ? ತೆಗೆದುಬಿಡ್ಲಾ?"

ಪ್ರೊಜೆಕ್ಟರಿನ ತಂತಿ ಬಿಡಿಸುತ್ತಿದ್ದ ಮೇಡಂ ತಲೆ ಎತ್ತಲಿಲ್ಲ. "ತೆಗಿ. ಭೇಷ್."

ಚುಕ್ಕಿ ಮಾಯವಾಯಿತು. ಸರಾಸರಿ ಅಚ್ಚುಕಟ್ಟಾಗಿ ಬಂತು. ಸಂಯೋಜಕರು ಮೊದಲ ತಂಡವನ್ನು ಕರೆದುಕೊಂಡು ಹೊರಟರು, ಕತ್ತರಿಯೂ ಅದರಲ್ಲಿದ್ದಳು.

ಬಾಗಿಲು ಮುಚ್ಚಿಕೊಂಡಿತ್ತಷ್ಟೇ, ಮುಂದಿನ ಸಾಲಿನಲ್ಲಿ ವಕೀಲಮ್ಮ ಕೈ ಎತ್ತಿದಳು. ಈ ಹುಡುಗಿ ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು ಎಂದರೂ ವಾದಕ್ಕೆ ನಿಲ್ಲುವವಳು, ಮೇಡಂಗೆ ಅವಳನ್ನು ಕಂಡರೆ ಸ್ವಲ್ಪ ಸುಸ್ತು.

"ಒಂದು ಡೌಟು ಮೇಡಂ. ಆ ಚುಕ್ಕಿ ಮೂರು ಸಲದ ಸರಾಸರಿ ತಾನೇ, ಮಷೀನ್ ಕೆಟ್ಟಿದ್ರೆ ಮೂರು ಸಲಾನೂ ಒಂದೇ ಥರ ಹೇಗೆ ಕೆಡುತ್ತೆ? ಅದೇ ಮಷೀನಲ್ಲಿ ಅಳೆದ ಬೇರೆಯವರದ್ದೆಲ್ಲ ಸರಿಯಾಗೇ ಇದೆಯಲ್ಲ?"

ಮೇಡಂ ತಂತಿ ಕೆಳಗಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಮಕ್ಕಳು ಮೊದಲು ತುಂಬಿದ ಕಡತ ಹಾಗೇ ಇತ್ತು, ತೆರೆದು ನೋಡಿದರು. ಹನ್ನೊಂದನೇ ನಂಬರು. ಮೂರೂ ಸಲ ನೂರೆಂಬತ್ತರ ಆಸುಪಾಸು. ಯಂತ್ರಕ್ಕೇನೂ ಆಗಿರಲಿಲ್ಲ. ಯಾರದೋ ಹೃದಯ ಕೂತಲ್ಲೇ ಹುಚ್ಚೆದ್ದು ಓಡುತ್ತಿತ್ತು, ಆ ಮಗುವನ್ನು ಇವರು ಮೆಟ್ಟಿಲು ಹತ್ತಿಸಲು ಹೊರಟಿದ್ದರು. ಆಗಲೇ ಹತ್ತುತ್ತಿರಲೂಬಹುದು.

ಸಂಯೋಜಕರಿಗೆ ಫೋನು ಮಾಡಿದರು. ಎತ್ತಲಿಲ್ಲ. ಆ ಪುಣ್ಯಾತ್ಮ ಅದೇ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ.

"ಹನ್ನೊಂದು ಯಾರ ಹತ್ರ ಇದೆ? ನಾಚ್ಕೋಬೇಡಿ ಮಕ್ಕಳೇ, ಬೇಗ ಹೇಳಿ."

ಹಿಂದಿನಿಂದ ಒಬ್ಬ ಮೆಲ್ಲಗೆ, "ಯಾರಿಗೂ ಹೇಳಬಾರದು ಅಂತ ನೀವೇ ಅಂದಿದ್ರಲ್ಲ ಮೇಡಂ" ಎಂದ.

"ಅಂದಿದ್ದೆ! ಈಗ ನಾನೇ ಕೇಳ್ತಿದೀನಿ. ಎಲ್ಲರೂ ಚೀಟಿ ತೆಗೆದು ಮೇಜಿನ ಮೇಲಿಡಿ!"

ಅವರ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ಮೇಜಿಂದ ಮೇಜಿಗೆ ಹೋಗಿ ಒಂದೊಂದೇ ಚೀಟಿ ನೋಡಿದರು. ಒಬ್ಬ ಹುಡುಗ ಮುಷ್ಟಿ ಬಿಗಿಹಿಡಿದು ಕೂತಿದ್ದ, ಅವನ ಬೆರಳುಗಳನ್ನು ತಾವೇ ಬಿಡಿಸಿದರು. ಅವನ ಕಣ್ಣಲ್ಲಿ ನೀರಾಡಿತು. ಹಿಂದೆ ತೂಕ ಓದಿದ ಮೇಷ್ಟ್ರಿಗಿಂತ ತಾವೇನೂ ಮೇಲಲ್ಲ ಎಂದು ಮೇಡಂಗೆ ಅನ್ನಿಸಿತು, ಆದರೂ ಕೈ ನಿಲ್ಲಿಸಲಿಲ್ಲ. ಆ ಕೋಣೆಯಲ್ಲಿ ಹನ್ನೊಂದು ಇರಲಿಲ್ಲ. ಅಂದರೆ ಅದು ಮೆಟ್ಟಿಲ ಮೇಲಿತ್ತು.

ಮೇಡಂ ಓಡಿದರು. ಮಂಡಿನೋವಿನ ನೆಪ ಹೇಳಿ ವರ್ಷಗಟ್ಟಲೆ ಲಿಫ್ಟಿಗೆ ಕಾಯುತ್ತಿದ್ದ ಹೆಂಗಸು ಕಂಬಿ ಹಿಡಿದು ಎರಡೆರಡು ಮೆಟ್ಟಿಲು ಹತ್ತಿದರು. ಮೇಲಿನಿಂದ ಬೂಟುಗಳ ಸದ್ದು, ಮಕ್ಕಳ ಕೇಕೆ, "ಇನ್ನೂ ಜೋರಾಗಿ, ಕ್ಯಾಮೆರಾ ಕಡೆ ನೋಡಿ!" ಎನ್ನುವ ಸಂಯೋಜಕರ ಕೂಗು. "ನಿಲ್ಲಿಸಿ!" ಎಂದು ಇವರು ಅರಚಿದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಬೂಟುಗಳ ಸದ್ದು ತಾನೇ ನಿಂತಿತು.

ಮೂರನೇ ಮಹಡಿಯ ತಿರುವಿನಲ್ಲಿ ಮಕ್ಕಳು ಸುತ್ತುಗಟ್ಟಿದ್ದರು. ನಡುವೆ ಗೋಡೆಗೆ ಒರಗಿ ಕೂತಿದ್ದವಳು ಕತ್ತರಿ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕತ್ತಿನ ಪಕ್ಕ ನರ ಅದುರುವುದು ದೂರಕ್ಕೇ ಕಾಣುತ್ತಿತ್ತು. ಮೇಡಂ ಪಕ್ಕದಲ್ಲಿ ಕುಸಿದರು.

"ಹನ್ನೊಂದು ನಿಂದೇನಾ?"

"ಹೂಂ."

"ಮತ್ತೆ ಯಾಕೆ ಅಳಿಸಿದೆ ಮಗೂ?"

"ಎಲ್ಲ ಒಟ್ಟಿಗಿತ್ತು ಮೇಡಂ, ನಂದೊಂದೇ ಬೇರೆ ನಿಂತಿತ್ತು. ಗೊತ್ತಾದ್ರೆ ಮನೆಗೆ ಕಳಿಸಿಬಿಡ್ತೀರಿ ಅಂತ..." ಮಾತಿಗೆ ಉಸಿರು ಸಾಲದೆ ನಿಂತು, ಮತ್ತೆ ಹೇಳಿದಳು. "ನೀವೂ ತೆಗಿ ಅಂದ್ರಲ್ಲ. ಹಾಗಾದ್ರೆ ನಿಜವಾಗ್ಲೂ ಏನೂ ಇರಲ್ಲ ಅಂದ್ಕೊಂಡೆ."

ಅಷ್ಟು ಹೇಳಿ ಅವಳ ತಲೆ ಮೇಡಂ ಭುಜಕ್ಕೆ ವಾಲಿತು. ಕರೆದರೆ ಓಗೊಡಲಿಲ್ಲ.

ಸಂಯೋಜಕರ ಕಾರಿನಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಮೇಡಂ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ದಾರಿಯುದ್ದಕ್ಕೂ ಮಣಿಕಟ್ಟು ಬಿಡಲಿಲ್ಲ. ನಾಡಿ ಎಣಿಕೆಗೇ ಸಿಗುತ್ತಿರಲಿಲ್ಲ. ಎಣಿಸಿ ಬದುಕಿದವರಿಗೆ ಅದಕ್ಕಿಂತ ದೊಡ್ಡ ಭಯ ಇರಲಾರದು.

ಒಳಗೆ ಒಯ್ದವರು ಬಾಗಿಲು ಹಾಕಿಕೊಂಡರು. ಹೊರಗೆ ಉದ್ದನೆಯ ಬೆಂಚು, ಕಣ್ಣು ಚುಚ್ಚುವ ಬಿಳಿ ದೀಪ. ಸಂಯೋಜಕರು ಅತ್ತಿತ್ತ ನೋಡಿ ಪಕ್ಕಕ್ಕೆ ಸರಿದು ಕೂತರು.

"ನೋಡಿ ಮೇಡಂ, ಅವಳ ತಾಯಿ ಈಗ ಬರ್ತಾರೆ. ಮಷೀನ್ ಸರಿ ಇರಲಿಲ್ಲ ಅಂದುಬಿಡಿ. ಅಳಿಸಿದ್ದು ಹೇಗೂ ಹುಡುಗೀನೇ ತಾನೇ? ನಿಜ ಹೇಳೋಕೆ ಹೋದ್ರೆ ಶಿಬಿರಾನೇ ಮುಚ್ಚಿಸ್ತಾರೆ. ಇಷ್ಟು ವರ್ಷ ಕಟ್ಟಿದ್ದು ನೀವು."

ಆ ಮಾತು ಎಷ್ಟು ಸುಲಭವಾಗಿದೆ ಎನ್ನುವುದೇ ಮೇಡಂ ಅವರನ್ನು ಹೆದರಿಸಿತು.

ಡಾಕ್ಟರು ಹೊರಬಂದರು. ನರಕ್ಕೆ ಔಷಧಿ ಕೊಟ್ಟಿದ್ದರಂತೆ, ಬಡಿತ ಹತೋಟಿಗೆ ಬಂದಿದೆಯಂತೆ. ಇದ್ದಕ್ಕಿದ್ದಂತೆ ಶುರುವಾಗಿ ಎಷ್ಟೋ ಸಲ ತಾನೇ ನಿಲ್ಲುವ ತೊಂದರೆ, ಸರಿಪಡಿಸಬಹುದು. "ಎಚ್ಚರ ಆಗಿದ್ದಾಳೆ. ಆದ್ರೆ ಆ ಸ್ಥಿತೀಲಿ ಮೆಟ್ಟಿಲು ಹತ್ತಿಸಬಾರದಿತ್ತು. ಇನ್ನೂ ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು" ಎಂದರು.

ಆ ಮಾತಿನ ಕೊನೆ, ಅಂಗಡಿಯ ಏಪ್ರನ್ ಕೂಡ ಬಿಚ್ಚದೆ ಓಡಿಬಂದ ಹೆಂಗಸಿನ ಕಿವಿಗೂ ಬಿತ್ತು. ಕತ್ತರಿಯ ತಾಯಿ. ಒಳಗೆ ಹೋಗಿ ಮಗಳ ಕೆನ್ನೆ ಮುಟ್ಟಿ ನೋಡಿ, ಅವಳೊಡನೆ ಎರಡು ಮಾತಾಡಿ ಬಂದು ನೇರ ಮೇಡಂ ಎದುರು ನಿಂತಳು.

"ಬೆಳಿಗ್ಗೆ ಅದೇನೋ ಮಷೀನಲ್ಲಿ ನೋಡಿದ್ರಂತಲ್ಲ. ಆಗಲೇ ಗೊತ್ತಾಗಲಿಲ್ವಾ ನಿಮಗೆ?"

ಸಂಯೋಜಕರು ಕೆಮ್ಮಿದರು. ಮೇಡಂ ಎದ್ದು ನಿಂತರು.

"ಮಷೀನ್ ಸರಿಯಾಗೇ ತೋರಿಸಿತ್ತಮ್ಮ. ಅಷ್ಟೊಂದು ಇರೋಕೆ ಸಾಧ್ಯ ಇಲ್ಲ, ತಪ್ಪು ಅಂದ್ಕೊಂಡು ನಾನೇ ತೆಗೆಸಿದೆ. ಆಮೇಲೆ ಮೆಟ್ಟಿಲು ಹತ್ತೋಕೆ ಕಳಿಸಿದೆ." ಅಳಿಸಿದ್ದು ಹುಡುಗಿಯೇ ಎಂಬ ಮಾತು ಎತ್ತಲಿಲ್ಲ.

ಆ ತಾಯಿ ಕೆನ್ನೆಗೆ ಬಾರಿಸಿದ್ದರೆ ಮೇಡಂಗೆ ಹಗುರವಾಗುತ್ತಿತ್ತು. ಅವಳು ಬಾರಿಸಲಿಲ್ಲ, ಬೈಯಲೂ ಇಲ್ಲ. ಬೆಂಚಿನ ಅಂಚು ತಡವಿಕೊಂಡು ಮೆಲ್ಲಗೆ ಕೂತಳು.

"ಪರೀಕ್ಷೆ ಟೈಮಿಂದ ಹೇಳ್ತಾನೇ ಇದ್ಲು ಮೇಡಂ. ಎದೆ ಓಡ್ತಿದೆ ಅಮ್ಮಾ, ಕೈ ಇಟ್ಟು ನೋಡು ಅಂತ. ಓದೋಕೆ ಸೋಮಾರಿತನ ನಿಂಗೆ, ನೀರು ಕುಡಿದು ಮಲಗು ಅಂತಿದ್ದೆ. ಒಂದು ಸಲಾನಾದ್ರೂ ಕೈ ಇಟ್ಟು ನೋಡಲಿಲ್ಲ ನಾನು."